ಹಾರ್ಸ್‌ಶೂ ಕಣಿವೆಯಲ್ಲಿ ನಿಂತವರು

ಬಂಡೆಚಿತ್ರಗಳ ಹುಚ್ಚಿರುವವರು ಅಮೆರಿಕಕ್ಕೆ ಹೋದರೆ ಯೂಟಾ ರಾಜ್ಯದ ಹಾರ್ಸ್‌ಶೂ ಕಣಿವೆಗೆ ಇಡೀ ಒಂದು ದಿನ ಎತ್ತಿಡಬೇಕು. ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದರೂ ಅದರಿಂದ ಬಿಡಿಯಾಗಿ ದೂರದಲ್ಲಿರುವ ಜಾಗ. ಮಣ್ಣುರಸ್ತೆ ಮುಗಿದ ಮೇಲೆ ಕಣಿವೆಗೆ ಇಳಿಯಬೇಕು, ಹಳ್ಳದ ಮರಳಿನಲ್ಲಿ ಕಾಲೆಳೆಯಬೇಕು. ಹೋಗಿಬರಲು ಸುಮಾರು 11 ಕಿಲೋಮೀಟರ್. ದಾರಿಯಲ್ಲಿ ಮೂರು ಕಡೆ ಚಿತ್ರಗಳು ಸಿಗುತ್ತವೆ, ಅವೂ ಚೆನ್ನಾಗಿವೆ. ಆದರೆ ಕೊನೆಯ ಗ್ರೇಟ್ ಗ್ಯಾಲರಿಯ ಮಾತೇ ಬೇರೆ.

ಸುಮಾರು 200 ಅಡಿ ಉದ್ದದ ಬಂಡೆಗೋಡೆ. ಅದರ ಮೇಲೆ ಆಳೆತ್ತರದ ಇಪ್ಪತ್ತಕ್ಕೂ ಹೆಚ್ಚು ಆಕೃತಿಗಳು. ಎಲ್ಲಕ್ಕಿಂತ ದೊಡ್ಡದು 7 ಅಡಿಯನ್ನೂ ಮೀರಿದೆ. ಕಾವಿಕಲ್ಲನ್ನು ಅರೆದು ಮಾಡಿದ ಕೆಂಪು ಬಣ್ಣ. ಹೆಚ್ಚಿನವಕ್ಕೆ ಕೈಯಿಲ್ಲ, ಕಾಲಿಲ್ಲ. ಭುಜದಿಂದ ಕೆಳಗೆ ಕಿರಿದಾಗುತ್ತಾ ಬಂದ ಮೈ ನೆಲ ಮುಟ್ಟದೆ ನಿಲ್ಲುತ್ತದೆ. ಯಾರೋ ಇದ್ದಾರೆ ಅಂತ ಅಲ್ಲಿಗೆ ಹೋದವರೆಲ್ಲ ಹೇಳುತ್ತಾರೆ. ನನಗೂ ಹಾಗೇ ಅನ್ನಿಸಿತು, ಮೈ ಜುಮ್ಮೆಂದಿತು.

ಈ ಅನುಭವವನ್ನು ಭ್ರಮೆ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಮರುಭೂಮಿಯ ಮೌನಕ್ಕೆ ಅದರ ಪೂರ್ತಿ ಶ್ರೇಯಸ್ಸು ಕೊಡಲೂ ಒಪ್ಪುವುದಿಲ್ಲ. ಅದು ಬರೆದವರ ಕೈಚಳಕ. ನೋಡಲು ಬಂದವರು ‘ಹೋಲಿ ಘೋಸ್ಟ್’ ಎಂದು ಹೆಸರಿಟ್ಟಿರುವ ಆಕೃತಿಯ ಮುಂದೆ ಕುಳಿತುಕೊಳ್ಳಿ. ಸುತ್ತಲಿನವು ಚಿಕ್ಕವು, ಗಾಢ ಬಣ್ಣದವು. ಇದೊಂದು ಮಾತ್ರ ದೊಡ್ಡದು, ತೆಳು. ಬಣ್ಣವನ್ನು ಬಳಿಯದೆ ಸಿಂಪಡಿಸಿದ್ದಾರೆ. ಹಾಗಾಗಿ ಮೈಯೊಳಗಿಂದ ಕಲ್ಲೇ ಕಾಣುತ್ತದೆ. ಉಳಿದವರನ್ನು ಹಿಂದೆ ಬಿಟ್ಟು ಅದು ಒಂದು ಹೆಜ್ಜೆ ಮುಂದೆ ಬಂದಂತಿದೆ. ಕಣ್ಣಿನ ಜಾಗದಲ್ಲಿ ಎರಡು ದೊಡ್ಡ ಗುಳಿಗಳಂಥ ಕಪ್ಪು. ನೋಟ ಎತ್ತ ಹೊರಳಿಸಿದರೂ ಮತ್ತೆ ಅಲ್ಲಿಗೇ ಮರಳುತ್ತದೆ.

ಹಳೆಯದಾದಷ್ಟೂ ಪವಿತ್ರ ಎಂಬ ನಂಬಿಕೆಗೂ ಇಲ್ಲಿ ಪೆಟ್ಟು ಬಿದ್ದಿದೆ. ಇವು ಹಲವು ಸಾವಿರ ವರ್ಷ ಹಳೆಯವು ಎಂದು ಬಹುಕಾಲ ನಂಬಿದ್ದರು. ಗೋಡೆಯಿಂದ ಚಿತ್ರದ ಒಂದು ಭಾಗ ಒಡೆದು ಬಿದ್ದಿತ್ತು. ಬಿದ್ದ ಬಂಡೆಯ ಕೆಳಮೈಗೆ ಕೊನೆಯ ಸಲ ಬೆಳಕು ತಾಗಿದ್ದು ಯಾವಾಗ ಎಂದು ವಿಜ್ಞಾನಿಗಳು ಅಳೆದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಚಿತ್ರಗಳು ಕ್ರಿ.ಶ. 1ರಿಂದ 1100ರ ನಡುವಿನವು. ವಯಸ್ಸು ಇಳಿಯಿತು, ಎದೆ ನಡುಗುವುದೇನೂ ಕಡಿಮೆಯಾಗಲಿಲ್ಲ.

1940ರಲ್ಲಿ ಕಲಾವಿದರು ಇಲ್ಲಿಗೆ ಬಂದು ನಕಲು ತೆಗೆದರು. ಅದನ್ನು 1941ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಪ್ರದರ್ಶಿಸಿತು. ಒಳ್ಳೆಯ ಕೆಲಸ, ದಾಖಲೆಯಾಗಿ ಬೇಕೇ ಬೇಕು. ಆದರೆ ನಡೆದು ದಣಿದ ಕಾಲು, ಒಣಗಿದ ಗಂಟಲು, ತಲೆ ಎತ್ತಿ ನೋಡುವ ಆ ಕೋನ, ಇವನ್ನು ನಕಲು ಮಾಡಲಾಗದು. ಹೋಪಿ, ಜೂನಿ ಮೊದಲಾದ ಮೂಲನಿವಾಸಿ ಸಮುದಾಯಗಳಿಗಂತೂ ಈ ಸೀಮೆಯ ಹಳೆಯ ತಾಣಗಳು ಪಾಳುಬಿದ್ದ ಜಾಗಗಳಲ್ಲ, ಪೂರ್ವಜರು ಇನ್ನೂ ಇರುವ ನೆಲೆಗಳು. ಆ ಮನೆಗಳಿಗೆ ನಾವು ಅತಿಥಿಗಳು.

ಹೋಗುವವರಿಗೆ ಎರಡು ಮಾತು. ನಡು ಬೇಸಿಗೆ ಬೇಡ, ಕುಡಿಯುವ ನೀರನ್ನು ಧಾರಾಳವಾಗಿ ಹೊತ್ತುಕೊಳ್ಳಿ. ಬೈನಾಕ್ಯುಲರ್ ಮರೆಯಬೇಡಿ: ಎದೆಯ ಮೇಲಿನ ಸಣ್ಣ ಗೀರುಗಳು, ಚುಕ್ಕೆಗಳು ಬರಿಗಣ್ಣಿಗೆ ಜಾರಿಹೋಗುತ್ತವೆ. ಗೋಡೆ ಮುಟ್ಟಬೇಡಿ, ಕೈಯ ಎಣ್ಣೆಯಂಶ ಬಣ್ಣಕ್ಕೆ ಹಾನಿ ಮಾಡುತ್ತದೆ. ಕ್ಯಾಮೆರಾ ಮೊದಲ ಅರ್ಧ ಗಂಟೆ ಚೀಲದಲ್ಲೇ ಇರಲಿ.