ಬೊಂಬೆಯ ಮೆಟ್ಟಿಲ ಕೆಳಗಿನ ಡಾಡ್ಜ್

ಪಾಂಡವಪುರದ ನನ್ನ ಮಿತ್ರರೊಬ್ಬರ ಮನೆಯ ಗಾಜಿನ ಬೀರುವಿನಲ್ಲಿ ಅಮೆರಿಕದ ಹಳೆಯ ಕಾರುಗಳ ದೊಡ್ಡ ಸಂಸಾರವೇ ನೆಲಸಿದೆ. ಷೆವರ್ಲೆ, ಕ್ಯಾಡಿಲಾಕ್, ಡಾಡ್ಜ್, ಸ್ಟುಡಿಬೇಕರ್ ಎಂಬ ಹೆಸರು ಹೊತ್ತ, ಲೋಹದಲ್ಲಿ ಎರಕಹೊಯ್ದ ಈ ಪ್ರತಿಕೃತಿಗಳನ್ನು ಸಂಗ್ರಾಹಕರು ಡೈಕಾಸ್ಟ್ ಎಂದು ಕರೆಯುತ್ತಾರೆ. ಬೆಳೆದವರು ಆಟದ ಸಾಮಾನಿಗೆ ಹಣ ಸುರಿಯುವುದುಂಟೆ ಎಂದು ಮೂಗು ಮುರಿಯುವವರಿಗೆ ಸಮಾಧಾನ ಹೇಳುವುದಕ್ಕಿಂತ, ಇವುಗಳಲ್ಲಿ ಉತ್ತಮವಾವುದು, ಸಾಮಾನ್ಯವಾವುದು ಎಂದು ಒರೆಗೆ ಹಚ್ಚಿ ನೋಡುವುದೇ ಹೆಚ್ಚು ಫಲಕಾರಿಯೆಂದು ನನಗೆ ತೋರುತ್ತದೆ.

ಮಿತ್ರರು ಮೊದಲು ಕೈಗಿತ್ತುದು 1957ರ ಷೆವರ್ಲೆ ಬೆಲ್‌ಏರ್, ಮೂಲದ ಹದಿನೆಂಟನೆಯ ಒಂದಂಶ ಪ್ರಮಾಣದ್ದು. ಐದು ಮೀಟರನ್ನು ಮೀರಿದ ಗಾಡಿ ಇಲ್ಲಿ 28 ಸೆಂಟಿಮೀಟರಿಗೆ ಇಳಿದಿದೆ. ಆ ವರ್ಷದ ಬೆಲ್‌ಏರಿನಲ್ಲಿ ಪೆಟ್ರೋಲು ತುಂಬುವ ಬಾಯಿ ಎಡಗಡೆಯ ಹಿಂದಿನ ರೆಕ್ಕೆಯ ಕ್ರೋಮ್ ಅಂಚಿನ ಮರೆಯಲ್ಲಿ ಅಡಗಿರುತ್ತಿತ್ತು; ಈ ಪ್ರತಿಕೃತಿಯ ಶಿಲ್ಪಿ ಅಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದನ್ನು ಕೊರೆದು, ತಿಳಿದವನ ಕಣ್ಣಿಗಷ್ಟೇ ಕಾಣುವಂತೆ ಸತ್ಯವನ್ನು ಉಳಿಸಿಕೊಂಡಿದ್ದಾನೆ. ಇಂಥ ಕಡೆ ನನ್ನ ತಲೆ ತಾನಾಗಿ ಬಾಗುತ್ತದೆ.

ತೂಕದ ವಿಚಾರ ಇನ್ನೂ ಸ್ವಾರಸ್ಯವಾದುದು. ಉದ್ದವು ಹದಿನೆಂಟರಲ್ಲಿ ಒಂದಾದರೆ ಗಾತ್ರವು 5,832ರಲ್ಲಿ ಒಂದಾಗಬೇಕು. ಸುಮಾರು ಒಂದೂವರೆ ಟನ್ನಿನ ಕಾರು ಕಾಲು ಕಿಲೋವಿನ ಆಸುಪಾಸಿಗೆ ಇಳಿಯಬೇಕು. ಅಂಗೈಯಲ್ಲಿಟ್ಟ ಬೆಲ್‌ಏರಾದರೋ ಅದರ ಮೂರರಷ್ಟು ಭಾರವಾಗಿದೆ. ಸತುವಿಗೆ ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರಗಳನ್ನು ಬೆರಸಿ ಕರಗಿಸಿ, ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸುವ ಈ ವಿದ್ಯೆಯಲ್ಲಿ, ಮೂಲದ ತಗಡಿನ ದಪ್ಪವನ್ನು ಹದಿನೆಂಟರಿಂದ ಭಾಗಿಸಿದಷ್ಟು ತೆಳುವಾದ ಗೋಡೆಯನ್ನು ಎರೆಯುವುದು ಆಗದ ಮಾತು. ಆದುದರಿಂದಲೇ ಬಾಗಿಲು ತೆರೆದಾಗ ಅದರ ಅಂಚು ಕೋಟೆಯ ಕದದಂತೆ ದಪ್ಪವಾಗಿ ಕಾಣುತ್ತದೆ. ಮುಚ್ಚಿದಾಗ ಸುತ್ತಲೂ ಕಪ್ಪು ಬಿರುಕು ಉಳಿಯುತ್ತದೆ. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲವೂ ತೆರೆದುಕೊಂಡರೆ ಉತ್ತಮವೆಂಬ ಸಂಗ್ರಾಹಕರ ಸಾಮಾನ್ಯ ಅಭಿಪ್ರಾಯವನ್ನು ನಾನು ಒಪ್ಪಲಾರೆನು. ಹೆಡ್‌ಲೈಟಿನಿಂದ ಹೊರಟು ಹಿಂದಿನ ರೆಕ್ಕೆಯ ತುದಿಯವರೆಗೆ ಒಂದೇ ಉಸಿರಿನಲ್ಲಿ ಹರಿಯುವ ರೇಖೆಯೇ ಆ ಕಾಲದ ಅಮೆರಿಕದ ಕಾರಿನ ಜೀವಾಳವಾಗಿರುವಲ್ಲಿ, ಆ ರೇಖೆಯನ್ನು ನಾಲ್ಕೆಡೆ ಕಡಿದು ಒಳಗಿನ ಸ್ಟೇರಿಂಗನ್ನು ತೋರಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. 1974ರಲ್ಲಿ ಕೆನಡಾದ ಬ್ರೂಕ್ಲಿನ್ ಎಂಬ ಊರಿನಲ್ಲಿ ಆರಂಭವಾಗಿ ಅನಂತರ ಇಂಗ್ಲೆಂಡಿಗೆ ಸ್ಥಳಾಂತರಗೊಂಡ ಬ್ರೂಕ್ಲಿನ್ ಮಾಡೆಲ್ಸ್ ಸಂಸ್ಥೆಯವರು ನಲವತ್ತಮೂರರಲ್ಲಿ ಒಂದಂಶದ ಅಳತೆಗೆ ಮಾಡಿದ ಅಮೆರಿಕದ ಕಾರುಗಳಲ್ಲಿ ಏನೊಂದೂ ತೆರೆಯುವುದಿಲ್ಲ. ಆದರೂ ಮೂರು ಮಾರು ದೂರದಿಂದ ನೋಡಿದರೆ ಅವೇ ನಿಜವಾದ ಕಾರುಗಳಂತೆ ಕಾಣುತ್ತವೆ.

ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳಿಗಾಗಿಯೇ ನಿರ್ಮಿತವಾದ ‘ಪಯಣ’ ಸಂಗ್ರಹಾಲಯವಿರುವುದು ಈ ಸೀಮೆಯ ಸಂಗ್ರಾಹಕರ ಭಾಗ್ಯವೆನ್ನಬೇಕು. ಅಲ್ಲಿ ಒಂದು ಗಂಟೆ ನಿಂತು ಬಂದವನ ಕಣ್ಣು, ಪ್ರತಿಕೃತಿಯ ಬಣ್ಣದಲ್ಲಿರುವ ಲೋಹದ ಹೊಳಪಿನ ಕಣಗಳು ಅಳತೆ ಮೀರಿ ದಪ್ಪವಾಗಿರುವುದನ್ನು ಕೂಡಲೆ ಹಿಡಿಯುತ್ತದೆ.

ನನಗೆ ನಿಜವಾಗಿ ವ್ಯಥೆಯುಂಟುಮಾಡುವುದು ಬೇರೊಂದು ರೂಢಿ. ಬೆಲೆ ಕುಗ್ಗೀತೆಂಬ ಭಯದಿಂದ ಡಬ್ಬಿಯ ಮುದ್ರೆಯನ್ನೇ ಒಡೆಯದೆ ಅಟ್ಟದ ಮೇಲೆ ಪೇರಿಸಿಡುವವರು ಹೆಚ್ಚುತ್ತಿದ್ದಾರೆ. ಎರಕದಲ್ಲಿ ಸೀಸದ ಕಲಬೆರಕೆ ಸ್ವಲ್ಪವಿದ್ದರೂ ಸಾಕು, ಲೋಹವು ಒಳಗೊಳಗೇ ಬಿರಿದು ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಕಾರುಗಳೆಷ್ಟೋ ಹೀಗೆ ಹಾಳಾದವು. ಅದನ್ನು ಯಾವ ಮುದ್ರೆಯೂ ತಡೆಯದು.

ಮಿತ್ರರ ಸಂಗ್ರಹ ಹೊರಬರುವುದು ನವರಾತ್ರಿಯಲ್ಲಿ. 1610ರಲ್ಲಿ ರಾಜ ಒಡೆಯರು ದಸರೆಯನ್ನು ಆರಂಭಿಸಿದ ಶ್ರೀರಂಗಪಟ್ಟಣದ ಸೀಮೆಯಲ್ಲಿ ಬೊಂಬೆ ಕೂರಿಸದ ಮನೆ ಅವರ ಪಾಲಿಗೆ ಮನೆಯಲ್ಲ. ಮೆಟ್ಟಿಲ ತುದಿಯಲ್ಲಿ ಪಟ್ಟದ ಬೊಂಬೆಗಳು. ಕೆಳಗೆ ತಟ್ಟೆಯಲ್ಲಿ ಮೊಳೆಸಿದ ರಾಗಿಯ ಪೈರು, ಕನ್ನಡಿಯ ಕೊಳ, ರಟ್ಟಿನಲ್ಲಿ ಕಟ್ಟಿದ ಕನ್ನಂಬಾಡಿ ಅಣೆಕಟ್ಟೆ, ಅದರ ಮೇಲೊಂದು ಹಸುರು ಡಾಡ್ಜ್. ನಲವತ್ತಮೂರರಲ್ಲಿ ಒಂದಂಶದ ಆ ಕಾರಿನ ಅಳತೆಗೆ ಸರಿಹೊಂದಬೇಕಾದರೆ, ಎರಡೂವರೆ ಕಿಲೋಮೀಟರಿಗೂ ಉದ್ದವಾದ ಅಣೆಕಟ್ಟೆಯನ್ನು ಅರುವತ್ತು ಮೀಟರು ಕಟ್ಟಬೇಕಾದೀತು. ಮಿತ್ರರದು ಒಂದು ಮೊಳವನ್ನೂ ಮೀರುವುದಿಲ್ಲ. ಬೀರುವಿನ ಮುಂದೆ ಕೂದಲು ಸೀಳಿದ ನಾನು ಇಲ್ಲಿ ಆಕ್ಷೇಪಿಸಲಾರೆ, ಏಕೆಂದರೆ ಆನೆಗಿಂತ ಅರಸನೇ ದೊಡ್ಡವನಾಗಿ ಕೂರುವ ಬೊಂಬೆಯ ಲೋಕದಲ್ಲಿ ಅಳತೆಯೆಂಬುದು ಆದರದಿಂದ ನಿಶ್ಚಯವಾಗತಕ್ಕದ್ದು. ಮೇಲಾಗಿ ಆ ಡಾಡ್ಜ್ ಅಲ್ಲಿ ನಿಲ್ಲುವುದಕ್ಕೆ ಚರಿತ್ರೆಯ ಹಕ್ಕೂ ಇದೆ: ಈ ಕಟ್ಟೆಯನ್ನು ಕಟ್ಟಿಸಿದ ವಿಶ್ವೇಶ್ವರಯ್ಯನವರೇ 1930ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಅಂಥದೊಂದನ್ನು ನಮ್ಮ ದೇಶದಲ್ಲಿ ಸ್ಥಾಪಿಸಲು ಯೋಜನೆ ಹಾಕಿದವರು. ಮೈಸೂರು ಸಂಸ್ಥಾನಕ್ಕೆ ಆ ಕಾರ್ಖಾನೆ ದಕ್ಕಲಿಲ್ಲ. ವಾಲಚಂದ ಹೀರಾಚಂದರು ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಮುಂಬಯಿಯಲ್ಲಿ ಡಾಡ್ಜ್, ಪ್ಲಿಮತ್ ಗಾಡಿಗಳನ್ನು ಜೋಡಿಸಿದರು.

ಕಳೆದ ದಸರೆಯಲ್ಲಿ ಬೊಂಬೆ ನೋಡಲು ಬಂದ ಮಗುವೊಂದು ಆ ಡಾಡ್ಜನ್ನು ಕಟ್ಟೆಯ ಮೇಲೆ ಅತ್ತಿಂದಿತ್ತ ಓಡಿಸಿ ಕೆಳಕ್ಕೆ ಬೀಳಿಸಿತು; ಚಾವಣಿಯ ಬಣ್ಣ ಅಕ್ಕಿಕಾಳಿನಷ್ಟು ಹಾರಿತು. ಮಿತ್ರರು ಅದಕ್ಕೆ ಬಣ್ಣ ಮೆತ್ತಿಸಿಲ್ಲ. ಬೀರುವಿನಲ್ಲಿ ಅದೀಗ ಮುಂದಿನ ಸಾಲಿನಲ್ಲಿದೆ.