ಬೆನ್ನಿನ ಜೇಬಿನಲ್ಲಿ ಏನಿದೆ?

ರೈಡಿಂಗ್ ಜಾಕೆಟ್ ಕೊಳ್ಳಲು ಹೋದವರು ಬಣ್ಣ ನೋಡುತ್ತಾರೆ, ಅಳತೆ ನೋಡುತ್ತಾರೆ, ಮಳೆಗೆ ಒಳಪದರ ಇದೆಯೇ ಎಂದು ಕೇಳುತ್ತಾರೆ, ಆಮೇಲೆ ಬೆಲೆಗೆ ಬರುತ್ತಾರೆ. ಬೆನ್ನಿನ ಒಳಜೇಬಿಗೆ ಕೈ ಹಾಕಿ ಅಲ್ಲಿರುವುದನ್ನು ಹೊರಗೆಳೆದು ನೋಡುವವರು ಕಡಿಮೆ. ಎಳೆದರೆ ಅನೇಕ ಜಾಕೆಟ್ಟುಗಳಲ್ಲಿ ಸಿಗುವುದು ಒಂದು ತೆಳು ಸ್ಪಂಜಿನ ಹಾಳೆ. ಭುಜಕ್ಕೂ ಮೊಣಕೈಗೂ ಪರೀಕ್ಷೆಯಾದ ಪ್ಯಾಡ್ ಕೊಟ್ಟ ಕಂಪನಿಯೇ ಬೆನ್ನಿಗೆ ಮಾತ್ರ ಜೇಬು ತುಂಬಿಸುವಷ್ಟು ಫೋಮ್ ಇಟ್ಟಿರುತ್ತದೆ. ಇದರಲ್ಲಿ ನಿಯಮ ಮುರಿದದ್ದೇನೂ ಇಲ್ಲ. ಜಾಕೆಟ್ಟುಗಳಿಗೆ ಯುರೋಪಿನಲ್ಲಿರುವ ಇಎನ್ 17092 ಮಾನದಂಡವೂ ಬೆನ್ನಿನ ರಕ್ಷೆಯನ್ನು ಕಡ್ಡಾಯ ಮಾಡಿಲ್ಲ. ಹಾಗಾಗಿ ‘ಎಎ’ ದರ್ಜೆಯ ಮುದ್ರೆ ಹೊತ್ತ ಜಾಕೆಟ್ಟಿನಲ್ಲೂ ಬೆನ್ನು ಬರಿದಾಗಿರಬಹುದು. ಜೇಬು ಪೂರ್ತಿ ಖಾಲಿ ಇದ್ದಿದ್ದರೆ ಏನಾದರೂ ಕೊಂಡು ಹಾಕಬೇಕು ಎಂದಾದರೂ ಹೊಳೆಯುತ್ತಿತ್ತು. ಸ್ಪಂಜು ಇರುವುದರಿಂದ ಆ ಯೋಚನೆಯೇ ಬರುವುದಿಲ್ಲ. ದಿನಾ ಗಾಡಿ ಓಡಿಸುವವರಿಗೆ ಆಗುತ್ತಿರುವ ದೊಡ್ಡ ಅನ್ಯಾಯ ಇದೇ ಎಂದು ನನಗನಿಸುತ್ತದೆ.

ಬೆನ್ನಿನ ರಕ್ಷೆ, ಅಂದರೆ ಬ್ಯಾಕ್ ಪ್ರೊಟೆಕ್ಟರ್, ಹುಟ್ಟಿದ್ದು ರೇಸ್ ಟ್ರ್ಯಾಕಿನಲ್ಲಿ. 1975ರಲ್ಲಿ ಅಮೆರಿಕದ ಡೇಟೋನಾದಲ್ಲಿ ಬೈಕ್ ರೇಸರ್ ಬ್ಯಾರಿ ಶೀನ್ ಭೀಕರವಾಗಿ ಬಿದ್ದು ಮೈಯೆಲ್ಲ ಮೂಳೆ ಮುರಿದುಕೊಂಡ ಮೇಲೆ ಸವಾರನ ಬೆನ್ನಿನ ಬಗ್ಗೆ ಗಂಭೀರ ಯೋಚನೆ ಶುರುವಾಯಿತು. ಇಟಲಿಯ ಡೈನೀಸ್ ಕಂಪನಿ ಆ ದಶಕದ ಕೊನೆಗೆ, ಲಾಬ್‌ಸ್ಟರಿನ ಚಿಪ್ಪನ್ನು ಮಾದರಿಯಾಗಿಟ್ಟುಕೊಂಡು, ಒಂದರ ಮೇಲೊಂದು ಜಾರುವ ಫಲಕಗಳ ರಕ್ಷೆಯನ್ನು ಹೊರತಂದಿತು. ಟ್ರ್ಯಾಕಿನಲ್ಲಿ ಬಿದ್ದವನು ಜಲ್ಲಿಯ ಮೇಲೆ ಜಾರಿಕೊಂಡು ಹೋಗಲು ಜಾಗ ಬಿಟ್ಟಿರುತ್ತಾರೆ. ನಮ್ಮ ಹೊರವರ್ತುಲ ರಸ್ತೆಯಲ್ಲಿ ಜಾರಿದವನಿಗೆ ಡಿವೈಡರಿನ ಕಲ್ಲು, ಫುಟ್‌ಪಾತಿನ ಅಂಚು, ನಿಂತ ಟೆಂಪೋದ ಬಂಪರ್ ಎದುರಾಗುತ್ತವೆ. ಹಾಗಾಗಿ ರೇಸಿನ ಹೆಸರು ಹೇಳಿ ಮಾರುವ ಸರಕನ್ನು ನಮ್ಮ ರಸ್ತೆಯ ಲೆಕ್ಕದಲ್ಲೇ ತೂಗಬೇಕು.

ಬ್ಯಾಕ್ ಪ್ರೊಟೆಕ್ಟರಿಗೆಂದೇ ಇರುವ ಮಾನದಂಡ ಇಎನ್ 1621-2. ಅದರ ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಬಡಿಯುವ ತುದಿ ಉರುಟಾದ ಅಂಚಿನ ಉದ್ದ ಪಟ್ಟಿ, ಹೆಚ್ಚುಕಡಿಮೆ ಫುಟ್‌ಪಾತ್ ಕಲ್ಲಿನ ಅಂಚಿನಂಥದ್ದು. ಪ್ಯಾಡನ್ನು ದಾಟಿ ಕೆಳಗೆ ಇಳಿದ ಬಲ ಎಷ್ಟು ಎಂದು ಅಳೆಯುತ್ತಾರೆ. ಸರಾಸರಿ 18 ಕಿಲೋನ್ಯೂಟನ್ ಒಳಗಿದ್ದು, ಯಾವ ಒಂದು ಹೊಡೆತವೂ 24 ದಾಟದಿದ್ದರೆ ಲೆವೆಲ್ 1. ಸರಾಸರಿ 9ರ ಒಳಗೆ, ಒಂಟಿ ಹೊಡೆತ 12ರ ಒಳಗೆ ಇದ್ದರೆ ಲೆವೆಲ್ 2. ಒಂದು ಮೀಟರ್ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 16 ಕಿ.ಮೀ. ಇಷ್ಟೇನಾ ಎಂದು ಮೂಗು ಮುರಿಯುವ ಮುನ್ನ ಒಂದು ಮಾತು ಗಮನಿಸಬೇಕು. ಗಾಡಿ 50ರಲ್ಲಿ ಹೋಗುವಾಗ ಮರಳಿಗೆ ಸಿಕ್ಕಿ ಜಾರಿತು ಅನ್ನಿ. ಮುಂದಕ್ಕಿದ್ದ ವೇಗ ಟಾರಿನ ಮೇಲೆ ಉಜ್ಜುತ್ತ ಕರಗುತ್ತದೆ, ಆ ಉಜ್ಜುವಿಕೆಯನ್ನು ತಡೆಯುವುದು ಜಾಕೆಟ್ಟಿನ ಬಟ್ಟೆಯ ಕೆಲಸ. ನೆಲಕ್ಕೆ ಬಡಿಯುವ ಹೊಡೆತ ಮಾತ್ರ ಸೀಟಿನ ಎತ್ತರದಿಂದ ಬಿದ್ದಷ್ಟೇ. ಪರೀಕ್ಷೆ ಅಳೆಯುವುದು ಹೆಚ್ಚುಕಡಿಮೆ ಆ ಬೀಳುವಿಕೆಯನ್ನು. ಅದೇ 50ರ ವೇಗದಲ್ಲಿ ದೀಪದ ಕಂಬಕ್ಕೆ ಬೆನ್ನು ಬಡಿದರೆ ಲೆಕ್ಕವೇ ಬೇರೆ. ಅಲ್ಲಿ ಯಾವ ಪ್ಯಾಡೂ ಹೆಚ್ಚು ಮಾಡಲಾರದು.

ಇದನ್ನು ಬಿಚ್ಚಿ ಹೇಳಬೇಕಾದ ಕಾರಣವಿದೆ. ಮಾರುವವರು ಬೆನ್ನುಮೂಳೆಯ ಚಿತ್ರ, ಗಾಲಿಕುರ್ಚಿಯ ಭಯ ಎರಡನ್ನೂ ಮುಂದಿಡುತ್ತಾರೆ. ಆದರೆ ಸವಾರರ ಬೆನ್ನುಮೂಳೆ ಮುರಿತಗಳಲ್ಲಿ ಹೆಚ್ಚಿನವು ಬೆನ್ನಿಗೆ ನೇರವಾಗಿ ಬಿದ್ದ ಪೆಟ್ಟಿನಿಂದ ಆದವಲ್ಲ. ದೇಹ ಮುಂದಕ್ಕೆ ಮಡಚಿ, ತಿರುಚಿ, ತಲೆಯ ಕಡೆಯಿಂದಲೋ ಸೊಂಟದ ಕಡೆಯಿಂದಲೋ ಒತ್ತಡ ಬಿದ್ದು ಆದವು. ಬೆನ್ನಿಗಂಟಿದ ಮೆತ್ತೆ ಆ ಮಡಚುವಿಕೆಯನ್ನು ತಡೆಯುವುದಿಲ್ಲ. ಅದು ಕಾಯುವುದು ಪಕ್ಕೆಲುಬು, ಹೆಗಲಮೂಳೆ, ಬೆನ್ನುಹುರಿಯ ಹಿಂದೆ ಮುಳ್ಳಿನಂತೆ ಚಾಚಿದ ಸಣ್ಣ ಮೂಳೆಗಳು, ಮೂತ್ರಪಿಂಡದ ಮೇಲಿನ ಮಾಂಸ ಇವುಗಳನ್ನು. ಇಷ್ಟೇ ಸಾಕಷ್ಟು ದೊಡ್ಡ ಉಪಕಾರ. ಪಕ್ಕೆಲುಬು ಮುರಿದವರು ತಿಂಗಳುಗಟ್ಟಲೆ ಕೆಮ್ಮಲು ಹೆದರುತ್ತಾರೆ. ಇಲ್ಲದ ಭರವಸೆಯನ್ನು ಅಂಟಿಸಿ ಮಾರುವುದು ಮಾತ್ರ ತಪ್ಪು, ಏಕೆಂದರೆ ಹಾಗೆ ನಂಬಿದವರು ವೇಗ ಹೆಚ್ಚಿಸುತ್ತಾರೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಲೆವೆಲ್ 2 ಸಿಕ್ಕರೆ ಅದನ್ನೇ ಕೊಳ್ಳಿ ಎನ್ನುತ್ತೇನೆ. ಮೊಣಕೈಯಲ್ಲಿ ದಪ್ಪ ಪ್ಯಾಡ್ ಕೈ ಮಡಚಲು ಅಡ್ಡಿಯಾಗಬಹುದು, ಬೆನ್ನಿನಲ್ಲಿ ಆ ತೊಂದರೆ ಕಡಿಮೆ. ಪಕ್ಕೆಲುಬು 4 ಕಿಲೋನ್ಯೂಟನ್ ಆಸುಪಾಸಿನಲ್ಲೇ ಮುರಿಯಬಹುದೆಂಬ ಅಂದಾಜು ಈ ಮಾನದಂಡಗಳ ಚರ್ಚೆಯಲ್ಲಿ ಮತ್ತೆ ಮತ್ತೆ ಬಂದಿದೆ. ಆ ಲೆಕ್ಕದಲ್ಲಿ 18 ತೀರಾ ಉದಾರ. ಆದರೆ ಸಂಖ್ಯೆಗಿಂತ ಮೊದಲು ಓದಬೇಕಾದದ್ದು ಅದರ ಪಕ್ಕದ ಅಕ್ಷರಗಳನ್ನು. ‘ಎಫ್‌ಬಿ’ ಎಂದಿದ್ದರೆ ಹೆಗಲಮೂಳೆ ಸೇರಿ ಪೂರ್ತಿ ಬೆನ್ನು, ‘ಸಿಬಿ’ ಎಂದರೆ ನಡುಬೆನ್ನಿನ ಪಟ್ಟಿ ಮಾತ್ರ, ‘ಎಲ್‌ಬಿ’ ಎಂದರೆ ಸೊಂಟದ ಭಾಗ. ನಡುಬೆನ್ನಿನ ಚಿಕ್ಕ ಲೆವೆಲ್ 2 ಹಾಗೂ ಪೂರ್ತಿ ಬೆನ್ನಿನ ಲೆವೆಲ್ 1 ಎರಡೂ ಮುಂದಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಬೀಳುವಾಗ ಯಾವ ಜಾಗ ಕಲ್ಲಿಗೆ ತಾಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ, ತಾಗಿದ ಜಾಗದಲ್ಲಿ ಏನೂ ಇಲ್ಲದಿದ್ದರೆ ಪಕ್ಕದ ಜಾಗದ ಲೆವೆಲ್ ಎಷ್ಟಿದ್ದರೂ ಒಂದೇ. ಚೀಟಿಯಲ್ಲಿ ಬೈಕ್ ಸವಾರನ ಚಿತ್ರ, ಮಾನದಂಡದ ಸಂಖ್ಯೆ, ಲೆವೆಲ್, ಸೊಂಟದಿಂದ ಭುಜದವರೆಗಿನ ಅಳತೆ ಇರಬೇಕು. ಬರೀ ‘ಸಿಇ’ ಎಂದು ಅಚ್ಚೊತ್ತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಆ ಸೊಂಟದಿಂದ ಭುಜದ ಅಳತೆಯನ್ನು ಅಂಗಡಿಯವರೂ ಮರೆಯುತ್ತಾರೆ. ಪ್ರೊಟೆಕ್ಟರಿನ ಅಳತೆ ಆಳಿನ ಎತ್ತರದಿಂದ ತೀರ್ಮಾನವಾಗುವುದಲ್ಲ, ಮುಂಡದ ಉದ್ದದಿಂದ. ಆರಡಿ ಎತ್ತರದವರಿಗೆ ಕಾಲು ಉದ್ದವಿದ್ದು ಬೆನ್ನು ಗಿಡ್ಡ ಇರಬಹುದು. ಹೆಂಗಸರ ಜಾಕೆಟ್ಟುಗಳನ್ನು ಸೊಂಟದ ಬಳಿ ಗಿಡ್ಡ ಮಾಡಿ ಹೊಲಿದು, ಒಳಗೆ ಗಂಡಸರ ಅಳತೆಯ ಪ್ಯಾಡನ್ನೇ ತುರುಕಿದ್ದನ್ನು ನೋಡಿದ್ದೇನೆ. ಕೂತಾಗ ಅದು ಸೀಟಿಗೆ ತಾಗಿ ಮೇಲೆ ಒತ್ತುತ್ತದೆ, ಮೇಲಿನ ತುದಿ ಹೆಲ್ಮೆಟ್ಟಿಗೆ ಬಡಿದು ಕತ್ತು ತಿರುಗಿಸಲು ಬಿಡುವುದಿಲ್ಲ. ಅಂಗಡಿಯಲ್ಲಿ ನಿಂತು ಕನ್ನಡಿ ನೋಡಿದರೆ ಇದು ಗೊತ್ತಾಗದು. ನಿಮ್ಮದೇ ಗಾಡಿಯ ಮೇಲೆ ಕೂತು ನೋಡಬೇಕು. ಸ್ಕೂಟರಿನಲ್ಲಿ ನೆಟ್ಟಗೆ ಕೂರುವ ಬೆನ್ನು ಬೇರೆ, ಪಲ್ಸರಿನ ಮೇಲೆ ಬಾಗುವ ಬೆನ್ನು ಬೇರೆ. ಜಾಕೆಟ್ ಸಡಿಲವಿದ್ದರೆ ಎಷ್ಟು ಒಳ್ಳೆಯ ಪ್ಯಾಡ್ ಕೊಂಡರೂ ವ್ಯರ್ಥ. ಜಾರುವಾಗ ಬಟ್ಟೆ ಮೇಲಕ್ಕೆ ಸರಿದು ಸೊಂಟ ಬರಿದಾಗುತ್ತದೆ. ಸೊಂಟದ ಪಟ್ಟಿ ಬಿಗಿದು, ಯಾರಿಗಾದರೂ ಹೇಳಿ ಹಿಂದಿನಿಂದ ಜಾಕೆಟ್ಟಿನ ಅಂಚನ್ನು ಮೇಲಕ್ಕೆ ಜೋರಾಗಿ ಎಳೆಸಿ. ಪ್ಯಾಡ್ ಜಾಗ ಬಿಟ್ಟು ಸರಿದರೆ ಸೊಂಟಕ್ಕೆ ಪಟ್ಟಿ ಕಟ್ಟುವ ಬಿಡಿ ಪ್ರೊಟೆಕ್ಟರ್ ಉತ್ತಮ. ಅದನ್ನು ತೆಳು ಅಂಗಿಯ ಮೇಲೆ ಕಟ್ಟಿ ಹೊರಗೆ ಜಾಕೆಟ್ ಹಾಕಬಹುದು.

ಇನ್ನು ಸೆಕೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ, ಕಲಬುರಗಿಯಲ್ಲಿ, ಬೆವರು ಆರದ ಮಂಗಳೂರಿನಲ್ಲಿ ಬೆನ್ನಿಗೆ ಒಂದು ರಬ್ಬರಿನ ಹಾಳೆ ಅಂಟಿಸಿಕೊಂಡು ಓಡಾಡಿ ಎಂದು ಉಪದೇಶಿಸುವುದು ಸುಲಭ, ಪಾಲಿಸುವುದು ಕಷ್ಟ. ಈಗಿನ ಒಳ್ಳೆಯ ಪ್ಯಾಡುಗಳು ಮೈಬಿಸಿಗೆ ಮೆತ್ತಗಾಗಿ, ಹೊಡೆತ ಬಿದ್ದ ಕ್ಷಣದಲ್ಲಿ ಗಟ್ಟಿಯಾಗುವ ಪಾಲಿಮರಿನವು. ಬ್ರಿಟನ್ನಿನ ಡಿ3ಒ, ಜರ್ಮನಿಯ ಸಾಸ್-ಟೆಕ್ ಇದಕ್ಕೆ ಹೆಸರಾದವು. ಇವು ಮೈಗೆ ಹೊಂದಿಕೊಳ್ಳುತ್ತವೆ, ಆದರೆ ಬಿಸಿಲು ಅತಿಯಾದರೆ ಬೇಕಾದ್ದಕ್ಕಿಂತ ಮೆತ್ತಗಾಗುವ ಸ್ವಭಾವದವು. ಅದಕ್ಕೇ ಚೀಟಿಯಲ್ಲಿ ‘ಟಿ+’ ಗುರುತನ್ನು ಹುಡುಕಬೇಕು. 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆ ಗೆದ್ದಿದೆ ಎಂದು ಅದರರ್ಥ. ಈ ಪರೀಕ್ಷೆ ಐಚ್ಛಿಕ. ಚಳಿಯ ‘ಟಿ-’ ಗುರುತು ಲಡಾಖಿಗೆ ಹೋಗುವವರಿಗೆ ಬೇಕು, ನಮ್ಮ ದಿನದ ಓಡಾಟಕ್ಕೆ ‘ಟಿ+’ ಸಾಕು. ಜೇನುಗೂಡಿನ ಹಾಗೆ ತೂತುಗಳಿರುವ ಪ್ಯಾಡ್, ಅದರ ಮೇಲೆ ಜಾಲರಿ ಬಟ್ಟೆಯ ಜಾಕೆಟ್, ಇವೆರಡರ ಜೋಡಿ ಗಾಡಿ ಓಡುವಾಗ ಸಹನೀಯ. ಸಿಗ್ನಲಿನಲ್ಲಿ ನಿಂತಾಗ ಬೆವರುತ್ತೀರಿ, ಅದನ್ನು ತಪ್ಪಿಸುವ ಪ್ರೊಟೆಕ್ಟರ್ ನಾನಿನ್ನೂ ಕಂಡಿಲ್ಲ.

ಬೆಂಗಳೂರಿನ ಸವಾರರ ಬೆನ್ನ ಮೇಲೆ ಇನ್ನೊಂದು ವಸ್ತು ಇದ್ದೇ ಇರುತ್ತದೆ: ಲ್ಯಾಪ್‌ಟಾಪಿನ ಬ್ಯಾಗು. ಅದರೊಳಗೆ ಚಾರ್ಜರ್, ಸ್ಟೀಲ್ ಬಾಟಲಿ, ಊಟದ ಡಬ್ಬಿ. ಮೆತ್ತನೆಯ ರಕ್ಷೆಯ ಮೇಲೆ ಈ ಗಟ್ಟಿ ಮೂಲೆಗಳನ್ನು ಕಟ್ಟಿಕೊಂಡು ಬಿದ್ದರೆ ಇಡೀ ಹೊಡೆತ ಒಂದೇ ಬಿಂದುವಿಗೆ ಬೀಳುತ್ತದೆ. ಗಟ್ಟಿ ವಸ್ತುಗಳನ್ನು ಸೀಟಿನ ಪಕ್ಕದ ಚೀಲಕ್ಕೋ ಸ್ಕೂಟರಿನ ಡಿಕ್ಕಿಗೋ ವರ್ಗಾಯಿಸುವುದಕ್ಕೆ ಖರ್ಚೂ ಹೆಚ್ಚಿಲ್ಲ.

ಆನ್‌ಲೈನಿನಲ್ಲಿ ಸಿಗುವ, ಜಾಲರಿಗೆ ಪ್ಲಾಸ್ಟಿಕ್ ಚಿಪ್ಪುಗಳನ್ನು ಹೊಲಿದ ಅಗ್ಗದ ‘ಬಾಡಿ ಆರ್ಮರ್’ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾನದಂಡದ ಚೀಟಿ ಇಲ್ಲದಿದ್ದರೆ ಬೇಡ. ಏರ್‌ಬ್ಯಾಗ್ ಜಾಕೆಟ್ಟುಗಳು ನಿಜಕ್ಕೂ ಒಂದು ಹೆಜ್ಜೆ ಮುಂದೆ. ಅವು ಕತ್ತಿನ ಸುತ್ತಲೂ ಉಬ್ಬುತ್ತವೆ. ಮೋಟೋಜಿಪಿ ರೇಸಿನ ಸವಾರರಿಗೆ ಏರ್‌ಬ್ಯಾಗ್ 2018ರಿಂದ ಕಡ್ಡಾಯ. ಬೆಲೆ ಹತ್ತಾರು ಸಾವಿರ. ಜೊತೆಗೆ ಬ್ಯಾಟರಿ ಚಾರ್ಜು ಮಾಡುವುದೋ, ಗಾಡಿಗೆ ದಾರ ಸಿಕ್ಕಿಸುವುದೋ ದಿನದ ಕೆಲಸವಾಗುತ್ತದೆ. ಕೈಲಾದವರು, ಆ ಶಿಸ್ತು ಇರುವವರು ಕೊಳ್ಳಲಿ.

ಕೈಲಾಗದವರೇ ರಸ್ತೆಯಲ್ಲಿ ಹೆಚ್ಚು ಹೊತ್ತು ಇರುತ್ತಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಮಾತಾಡುವುದು ತಲೆಯ ಬಗ್ಗೆ ಮಾತ್ರ. ಊಟ, ದಿನಸಿ ಹೊತ್ತು ಬೆಳಗಿನಿಂದ ರಾತ್ರಿವರೆಗೆ ಓಡುವ ಹುಡುಗರ ಮೈಮೇಲೆ ಕಂಪನಿಯ ಟೀ-ಶರ್ಟ್ ಬಿಟ್ಟರೆ ಏನೂ ಇರುವುದಿಲ್ಲ. ಕರ್ನಾಟಕ 2025ರಲ್ಲಿ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ, ಅದರಲ್ಲಿ ಪ್ಲಾಟ್‌ಫಾರ್ಮುಗಳಿಂದ ಕಲ್ಯಾಣ ಶುಲ್ಕ ಸಂಗ್ರಹಿಸುವ ಏರ್ಪಾಡಿದೆ. ಆ ಹಣದ ಒಂದು ಪಾಲು ಇಲ್ಲಿಗೆ ಬರಬೇಕೆಂದು ನಾನು ಒತ್ತಾಯಿಸುತ್ತೇನೆ: ಜಾಲರಿಯ ಒಂದು ತೋಳಿಲ್ಲದ ಜಾಕೆಟ್, ಒಳಗೆ ತೂತುಳ್ಳ ಪೂರ್ತಿ ಬೆನ್ನಿನ ಪ್ಯಾಡ್, ‘ಟಿ+’ ಗುರುತು, ಮುಂಡದ ಉದ್ದಕ್ಕೆ ತಕ್ಕಂತೆ ಮೂರು ಅಳತೆ. ಸಗಟಿನಲ್ಲಿ ಕೊಂಡರೆ ಒಬ್ಬೊಬ್ಬರಿಗೆ ತಗಲುವ ಖರ್ಚು ದೊಡ್ಡದಾಗದು, ಪ್ಯಾಡನ್ನು ಬಿದ್ದ ಮೇಲೆ ಬದಲಿಸಿಕೊಡುವ ಹೊಣೆಯನ್ನೂ ಅದೇ ಟೆಂಡರಿನಲ್ಲಿ ಬರೆಯಬಹುದು.