ಕರಗದ್ದು ಲೆಕ್ಕಕ್ಕಿಲ್ಲ

ಮಣ್ಣಿನ ಭಾರಲೋಹಗಳ ಕುರಿತ ಪ್ರಬಂಧದಲ್ಲಿ ಐಸಿಪಿ-ಎಂಎಸ್ ಎಂಬ ಹೆಸರು ಕಂಡರೆ ಸಾಕು, ಓದುಗರು ಕೋಷ್ಟಕವನ್ನು ಕಣ್ಣುಮುಚ್ಚಿ ನಂಬುತ್ತಾರೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಲೋಹ ಇದ್ದರೂ ಗುರುತಿಸಬಲ್ಲ ಯಂತ್ರವದು, ನಿಜ. ಕುಡಿಯುವ ನೀರಿನ ಮಟ್ಟಿಗೆ ಆ ಕೀರ್ತಿ ನ್ಯಾಯವಾದದ್ದೇ. ಮಣ್ಣು-ಕಲ್ಲುಗಳ ಮಟ್ಟಿಗೆ ಮಾತ್ರ ಅದು ಎರವಲು ತಂದ ಕೀರ್ತಿ. ಲೇಸರ್ ಬಳಸುವ ಬಗೆಯನ್ನು ಬಿಟ್ಟರೆ, ಯಂತ್ರದೊಳಗೆ ಹೋಗುವುದು ಮಣ್ಣಲ್ಲ. ಆಮ್ಲ ಎಷ್ಟನ್ನು ಕರಗಿಸಿತೋ ಅಷ್ಟು.

ಮಾದರಿಯನ್ನು ಕರಗಿಸಲು ಬಳಸುವ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 3050ಬಿ ವಿಧಾನವನ್ನೇ ನೋಡಿ. ನೈಟ್ರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್, ಬೇಕಾದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ. ಕಾವು 95 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಹೈಡ್ರೋಫ್ಲೋರಿಕ್ ಆಮ್ಲ ಇಲ್ಲದ್ದರಿಂದ ಸಿಲಿಕೇಟುಗಳು ಬಹುಪಾಲು ಹಾಗೇ ಉಳಿಯುತ್ತವೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಂಥ ಕ್ರೋಮೈಟ್ ನೆಲದ ಮಣ್ಣನ್ನು ಹೀಗೆ ಬೇಯಿಸಿದರೆ, ಕ್ರೋಮಿಯಂ ಅಡಗಿರುವ ಕ್ರೋಮೈಟ್ ಕಣಗಳೇ ಬೀಕರಿನ ತಳದಲ್ಲಿ ಕುಳಿತು ಸೋಸುಕಾಗದದ ಪಾಲಾಗುತ್ತವೆ. ಅವನ್ನು ಒಡೆಯಲು ಸೋಡಿಯಂ ಪೆರಾಕ್ಸೈಡ್ ಬೆರೆಸಿ ಕಾಸಿ ಕರಗಿಸುವಂಥ ಬಿರುಸಿನ ಉಪಾಯವೇ ಬೇಕು. ಕೇಡೆಂದರೆ, ಈ ಕೊರತೆ ಎಂದಿನ ತಪಾಸಣೆಗೆ ಸಿಕ್ಕುವುದಿಲ್ಲ. ಒಂದೇ ಮಾದರಿಯನ್ನು ಮೂರು ಸಲ ಬೇಯಿಸಿದರೆ ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ ಕರಗುತ್ತದೆ, ಉತ್ತರಗಳು ಸೊಗಸಾಗಿ ಹೊಂದುತ್ತವೆ. ಗೊತ್ತಿರುವಷ್ಟು ಕ್ರೋಮಿಯಂ ಸೇರಿಸಿ ಪರೀಕ್ಷಿಸಿದರೆ ಅದೂ ಪೂರ್ತಿ ಮರಳಿ ಸಿಗುತ್ತದೆ, ಏಕೆಂದರೆ ಸೇರಿಸಿದ್ದು ಮೊದಲೇ ದ್ರಾವಣದಲ್ಲಿತ್ತು! ಅಂಕಿಗಳ ಈ ಒಮ್ಮತವನ್ನೇ ಸತ್ಯದ ಪುರಾವೆ ಎಂದು ಮುಂದಿಡಲಾಗುತ್ತದೆ.

ಕರಗದ ಲೋಹ ಗಿಡಕ್ಕೂ ದಕ್ಕದು, ಮನುಷ್ಯನಿಗೂ ದಕ್ಕದು, ಅದನ್ನೇಕೆ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಪರಿಸರ ಅಧ್ಯಯನದ ಕಡೆಯವರ ಸಮರ್ಥನೆ. ಹಾಗಾದರೆ ಯಾವ ಬೇರು ಬಿಸಿ ನೈಟ್ರಿಕ್ ಆಮ್ಲವನ್ನು ಸುರಿಸುತ್ತದೆ? 3050ಬಿ ಕೊಡುವ ಅಂಕಿ ನೆಲದಲ್ಲಿರುವ ಒಟ್ಟು ಮೊತ್ತವೂ ಅಲ್ಲ, ಜೀವಿಗೆ ದಕ್ಕುವ ಪಾಲೂ ಅಲ್ಲ. ಕ್ರೋಮಿಯಂ ವಿಷಯದಲ್ಲಂತೂ ಆರು ವೇಲೆನ್ಸಿಯ ವಿಷರೂಪವನ್ನು ಮೂರು ವೇಲೆನ್ಸಿಯದರಿಂದ ಬೇರ್ಪಡಿಸದೆ ಅಪಾಯದ ಮಾತೇ ಆಡುವಂತಿಲ್ಲ. ವಿಧಾನ ಬರೆದವರು ಪ್ರಾಮಾಣಿಕರು. ಇದು ಪೂರ್ತಿ ಕರಗಿಸುವ ಕ್ರಮವಲ್ಲವೆಂದು ಅದರಲ್ಲೇ ಹೇಳಿದ್ದಾರೆ. ಆ ಮಾತನ್ನು ನುಂಗಿ ಕೋಷ್ಟಕಕ್ಕೆ 'ಒಟ್ಟು ಕ್ರೋಮಿಯಂ' ಎಂದು ತಲೆಬರಹ ಕೊಡುವವರದೇ ತಪ್ಪು. ಒಟ್ಟು ಮೊತ್ತವೇ ಬೇಕಾದರೆ, ಹಳೆಯದೆಂದು ಮೂಲೆಗೆ ತಳ್ಳಿದ ಎಕ್ಸ್-ರೇ ಪ್ರತಿದೀಪ್ತಿ ವಿಧಾನವಿದೆ; ಅದು ಮಣ್ಣಿನ ಪುಡಿಯನ್ನು ಆಮ್ಲಕ್ಕೆ ಹಾಕದೆಯೇ ನೋಡುತ್ತದೆ. ಕಣಗಳ ಗಾತ್ರ ಅದನ್ನು ಕಾಡುತ್ತದೆ. ಕ್ಯಾಡ್ಮಿಯಂನಂಥ ಅತ್ಯಲ್ಪ ಲೋಹಗಳಿಗೆ ಅದರ ಕಣ್ಣು ಸಾಲದು. ಆದರೂ ಕ್ರೋಮಿಯಂ, ಜಿರ್ಕೋನಿಯಂಗಳ ಒಟ್ಟು ಮೊತ್ತಕ್ಕೆ 3050ಬಿಗಿಂತ ಅದೇ ನಂಬಿಕಸ್ಥ. ಪತ್ರಿಕೆಗಳ ಸಂಪಾದಕರು ಯಂತ್ರದ ಹೆಸರಿಗಿಂತ ಮೊದಲು ಮಾದರಿಯನ್ನು ಕರಗಿಸಿದ ಬಗೆಯನ್ನು ಕೇಳಲಿ.